ಹತ್ತೊಂಬತ್ತನೆಯ ಸಾಲು

ಓಜುರ್ಗೇತಿಯ ಬಳ್ಳಿತೋಟದ ಕಚೇರಿಯಲ್ಲಿ
ಕಿಟಕಿಗೆ ಒಂದೇ ಗಾಜು, ಸರ್ವರಿಗೆ ಒಂದೇ ಫ್ಯಾನು,
ನಾನು ಜಾವಾ ಕಲಿಯಲು ಕೂತು ಒಂಬತ್ತು ವಾರ.
ಕೆಲಸ ಸಣ್ಣದು: ರಿಜಿಸ್ಟರಿನಲ್ಲಿರುವ ದ್ರಾಕ್ಷಿಗಳ ಹೆಸರು
ಪುಟದ ಮೇಲೆ ಬರಬೇಕು. ಅಷ್ಟೆ.

ಬರಲಿಲ್ಲ.
ಬಂದದ್ದು ಬಿಳಿ. ಸುಣ್ಣ ಹೊಡೆದ ಗೋಡೆಯಂಥ ಬಿಳಿ.
ತಪ್ಪೆಂದು ಹೇಳುವ ಕೆಂಪು ಸಾಲೂ ಇಲ್ಲ,
ಜಗಳಕ್ಕಾದರೂ ಯಾರಾದರೂ ಬೇಕಲ್ಲ.
ಪುಟದ ಬೆನ್ನು ತಿರುಗಿಸಿ ಸೋರ್ಸ್ ನೋಡಿದರೆ
ನಾನು ಬರೆದ ಟ್ಯಾಗು ಬರೆದ ಹಾಗೇ ಕೂತಿದೆ,
ಕದ ತೆರೆಯುವವರಿಲ್ಲದೆ ಮೆಟ್ಟಿಲ ಮೇಲೆ
ಟೊಪ್ಪಿ ಕೈಯಲ್ಲಿ ಹಿಡಿದ ನೆಂಟನ ಹಾಗೆ.

ಪುಟದ ನೆತ್ತಿಯಲ್ಲಿ ಒಂದು ಸಾಲು ಬರೆಯಬೇಕಿತ್ತಂತೆ:
ಈ 'ಎಸ್' ಅಂದರೆ ಯಾರು, ಯಾವ ಮನೆಯವರು, ಅಂತ.
ಪರಿಚಯವನ್ನೇ ಹೇಳದೆ ಕೆಲಸಕ್ಕೆ ಕರೆದಿದ್ದೆ.
ಬರೆದೆ. ಸರ್ವರ್ ಮಲಗಿಸಿ ಮತ್ತೆ ಎಬ್ಬಿಸಿದೆ.
ಅದು ಆಕಳಿಸಿ ಮೈಮುರಿಯುವ ನಲವತ್ತು ಸೆಕೆಂಡು
ಉಗುರು ಕಚ್ಚಿದೆ.

ಈಗ ಚುಕ್ಕೆಗಳು ಬಂದವು.
ಒಂದರ ಕೆಳಗೊಂದು ಹತ್ತೊಂಬತ್ತು ಕರಿ ಚುಕ್ಕೆ,
ಪಕ್ಕದಲ್ಲಿ ಏನೂ ಇಲ್ಲ.
ಎಣಿಕೆ ಸರಿ, ಹೆಸರಿಲ್ಲ.
ಹತ್ತೊಂಬತ್ತು ತಟ್ಟೆ ಇಟ್ಟು
ಬಡಿಸುವುದನ್ನೇ ಮರೆತ ಮನೆ.

ಮೂರು ರಾತ್ರಿ. ಕೋಶದಲ್ಲಿ ಹೆಸರುಗಳಿವೆ, ನೋಡಿದೆ.
ಲಾಗ್‌ನ ಕಪ್ಪು ಕಿಟಕಿಯಲ್ಲಿ ಸಾಲಾಗಿ ಓಡುತ್ತವೆ,
ಚ್ಖಾವೇರಿ, ಒಜಾಲೇಶಿ, ಅಲಾದಸ್ತೂರಿ...
ಪುಟದ ಹೊಸ್ತಿಲಿಗೆ ಬಂದದ್ದೇ ಬಾಯಿ ಕಟ್ಟುತ್ತದೆ.
ಬ್ರೌಸರಿನ ನೆನಪು ಅಳಿಸಿದೆ. ಅಲ್ಪವಿರಾಮಗಳನ್ನು
ಅಕ್ಕಿಯ ಕಲ್ಲಿನಂತೆ ಆರಿಸಿದೆ. ಒಮ್ಮೆ,
ಹೇಳಲು ನಾಚಿಕೆ, ಫ್ಯಾನಿನ ದೂಳು ಒರೆಸಿದೆ.

ನಾಲ್ಕನೆಯ ಬೆಳಿಗ್ಗೆ ಎಲ್ಗುಜಾ ಬಂದ,
ಸೊಂಟದಲ್ಲಿ ಕತ್ತರಿ, ಬೂಟಿನ ಮಣ್ಣೆಲ್ಲ ನೆಲಕ್ಕೆ.
"ಒಳಗಿದೆ ಅಂತೀಯ, ಹೊರಗೆ ಬರಲ್ಲ ಅಂತೀಯ.
ನೀನು ಕೇಳಿದ್ದು ಹೇಗೆ?"
ತೋರಿಸಿದೆ. ಬಳ್ಳಿ, ಹೆಸರು, ಎರಡು ಇಂಗ್ಲಿಷ್ ಪದ
ಅಂಟಿಸಿ ಮಾಡಿದ ಒಂದು ಪದ. ಪುಟ ಕೇಳುವುದು ಅದನ್ನು;
ಕೇಳಿದಾಗ ಕೊಡುವ ಗೆಟ್ಟರ್ ಇನ್ನೊಂದು ಫೈಲಿನಲ್ಲಿ.
ಅವನಿಗೆ ಆ ಭಾಷೆ ಬಾರದು. ಗಾಜಿನ ಮೇಲೆ
ಬೆರಳಿಟ್ಟು ಬರೀ ಆಕಾರ ನೋಡಿದ.
"ಇಲ್ಲಿ ಈ ಗೂಟ ನಿಂತಿದೆ.
ಅಲ್ಲಿ ಕೂತಿದೆ."

ನಡುವಿನ 'ಎನ್'.
ಕೇಳುವವಳು ದೊಡ್ಡಕ್ಷರದಲ್ಲಿ ಕೇಳಿದ್ದಳು,
ಕೊಡುವವನು ಚಿಕ್ಕಕ್ಷರದಲ್ಲಿ ಕಾಯುತ್ತಿದ್ದ.
ನಮ್ಮ ಮೂವತ್ತಮೂರು ಅಕ್ಷರಗಳಲ್ಲಿ ಆ ಭೇದವಿಲ್ಲ,
ರಾಜನಿಗೂ ರೊಟ್ಟಿಗೂ ಒಂದೇ ಎತ್ತರ;
ನೀವು ಓದುತ್ತಿರುವ ಈ ದುಂಡು ಲಿಪಿಯಲ್ಲೂ ಇಲ್ಲವಂತೆ.
ಕಣ್ಣಿಗೆ ರೂಢಿಯಿಲ್ಲದ್ದು ಕಣ್ಣೆದುರೇ ಇತ್ತು.

ಗೂಟ ನಿಲ್ಲಿಸಿದೆ. ನಲವತ್ತು ಸೆಕೆಂಡು.
ಗೊಂಚಲು ಗೊಂಚಲಾಗಿ ಇಳಿದವು ಹೆಸರುಗಳು, ಹದಿನೆಂಟು.
ಹತ್ತೊಂಬತ್ತನೆಯದು ಖಾಲಿ.

ಮತ್ತೆ ಒಂದು ಗಂಟೆ ಕೋಡಿನೊಳಗೆ ತಲೆ ಹಾಕಿದೆ.
ಎಲ್ಗುಜಾ ಚಹಾ ಮುಗಿಸಿ, ಲೋಟ ತೊಳೆದು, ಆಮೇಲೆ ಹೇಳಿದ:
"ಅದು ಗೋಡೆ ಪಕ್ಕದ್ದು. ಅದಕ್ಕೆ ಹೆಸರೇ ಇಲ್ಲ.
ತ್ಸಿಯಾಲಾ ಅತ್ತೆ ಬೆಟ್ಟದಿಂದ ತಂದ ಕಡ್ಡಿ,
ಒದ್ದೆ ಶಾಲಿನಲ್ಲಿ ಸುತ್ತಿಕೊಂಡು. ಹಣ್ಣು ಬಿಡುವ ಹೊತ್ತಿಗೆ
ಅವಳೇ ಇರಲಿಲ್ಲ. ಕೇಳೋಣ ಅಂತಲೇ ಇದ್ದೆವು."

ರಿಜಿಸ್ಟರ್ ತೆಗೆದೆ. ಅಲ್ಲೂ ಖಾಲಿ.
ನಾನು ಒಂದು ಗಂಟೆ ಹುಡುಕಿದ್ದು ತಪ್ಪನ್ನಲ್ಲ.

ಟ್ಯಾಗಿಗೊಂದು ಡಿಫಾಲ್ಟ್ ಎಂಬ ಜೇಬಿದೆ,
ಏನೂ ಸಿಗದಿದ್ದಾಗ ಅದರಲ್ಲಿಟ್ಟದ್ದು ತೋರಿಸುತ್ತದೆ.
'ಗೊತ್ತಿಲ್ಲ' ಎಂದು ಬರೆದೆ. ಅಳಿಸಿದೆ.
"ಗೋಡೆ ಪಕ್ಕದ್ದು ಅಂತ ಹಾಕು," ಅಂದ,
"ನಾವು ಕರೆಯೋದೇ ಹಾಗೆ."

"ನಾಳೆ ಇನ್ನೊಂದು ಹೆಸರಿಲ್ಲದ್ದು ಬಂದರೆ
ಅದೂ ಗೋಡೆ ಪಕ್ಕದ್ದೇ ಆಗುತ್ತಲ್ಲ, ಎಲ್ಗುಜಾ?"

ಅವನಾಗಲೇ ಬಾಗಿಲಲ್ಲಿದ್ದ, ಬೂಟು ಝಾಡಿಸುತ್ತ,
ಬರುವಾಗ ಝಾಡಿಸಬೇಕಿದ್ದನ್ನು ಹೋಗುವಾಗ.
"ಗೋಡೆ ಉದ್ದ ಇದೆ ಬಿಡು," ಅಂದ.